ಫಕೀರಪ್ಪನ ತಲೆಗೆ ಬಿಳಿ ಹೆಲ್ಮೆಟ್

ಹಳೇ ಚೀನಾದಲ್ಲಿ ದೊಡ್ಡ ಅಧಿಕಾರಿಗೆ ನೇರಳೆ ನಿಲುವಂಗಿ, ಅವನ ಕೈಕೆಳಗಿನವನಿಗೆ ಕೆಂಪು, ಅದಕ್ಕೂ ಕೆಳಗಿನವರಿಗೆ ಹಸಿರು, ನೀಲಿ ಇತ್ತಂತೆ. ಮೊನ್ನೆ ಯಾರೋ ಇದನ್ನು ಹೇಳಿ ನಕ್ಕರು. ನನಗೆ ಮೈ ಉರಿದುಹೋಯಿತು. ಅಷ್ಟು ದೂರ ಹೋಗಬೇಕೇ? 2006ರಲ್ಲಿ ದೋಹಾದ ವೆಸ್ಟ್ ಬೇಯಲ್ಲಿ ನಾವು ಕಟ್ಟಡ ಕಟ್ಟುತ್ತಿದ್ದ ಸೈಟೇ ಹಾಗಿತ್ತು. ಎಂಜಿನಿಯರಿಗೆ, ಆಫೀಸಿನವರಿಗೆ ಬಿಳಿ ಹೆಲ್ಮೆಟ್, ಫೋರ್‌ಮನ್‌ಗೆ ಹಸಿರು, ಕೂಲಿಯವರಿಗೆ ಹಳದಿ. ಬಿಳಿಯವರಿಗೆ ಎ.ಸಿ. ಬಸ್ಸು, ಹಳದಿಯವರಿಗೆ ಬಿಸಿಗಾಳಿ ನುಗ್ಗುವ ಬಸ್ಸು. ಈ ಹೆಲ್ಮೆಟ್ ಹಂಚುತ್ತಿದ್ದ ಸ್ಟೋರ್‌ಕೀಪರ್ ನಾನೇ, ಕುಂದಾಪುರದ ಸೆಲೆಸ್ಟಿನ್. ಆಫೀಸಿನ ಲೆಕ್ಕದಲ್ಲಿ ನನಗೂ ಬಿಳಿ.

ಮುಂಡರಗಿ ಕಡೆಯ ಫಕೀರಪ್ಪ ಒಂಬತ್ತು ವರ್ಷದಿಂದ ಹಳದಿಯಲ್ಲೇ ಇದ್ದ. ಸ್ಕ್ಯಾಫೋಲ್ಡಿಂಗ್, ಅಂದರೆ ಕೆಲಸದವರು ನಿಲ್ಲುವ ಪೈಪಿನ ಅಟ್ಟಣಿಗೆ, ಕಟ್ಟುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ. ಪೈಪಿನ ಮೇಲೆ ಕೈಯಿಟ್ಟರೆ ಸಾಕು, ಅದನ್ನು ಹಿಡಿದಿಡುವ ಕ್ಲಾಂಪು ಬಿಗಿಯೋ ಸಡಿಲವೋ ಹೇಳುತ್ತಿದ್ದ. ಅವನಿಂದ ಕೆಲಸ ಕಲಿತವರು ಹಸಿರು ಹಾಕಿಕೊಂಡರು, ಇಂಗ್ಲಿಷ್ ಬರುತ್ತಿತ್ತು ಎಂಬ ಒಂದೇ ಕಾರಣಕ್ಕೆ.

ಒಂದು ಬೆಳಿಗ್ಗೆ ಅವನು ನಮ್ಮ ಕರಾವಳಿಯವನೇ ಆದ ಎಂಜಿನಿಯರ್ ಆಲ್ಬರ್ಟ್ ಮುಂದೆ ನಿಂತ. "ಸರ, ಎಂಟನೇ ಮಾಳಿಗ್ಯಾಗ ಕ್ಲಾಂಪ್ ಸಡ್ಲ ಅದಾವ್ರಿ. ಮಂದೀನ ಇಳಸ್ರಿ."

ಆಲ್ಬರ್ಟ್ ತಲೆ ಎತ್ತಲಿಲ್ಲ. "ನಿನ್ನ ಹತ್ರ ಕೇಳಿದ್ದು ಯಾರು ಮಾರಾಯ? ಅದಕ್ಕೆ ಫೋರ್‌ಮನ್ ಇದ್ದಾನೆ. ಯಲ್ಲಾ, ನಡಿ ನಡಿ, ಕೆಲಸ ನೋಡು."

ಫಕೀರಪ್ಪ ಮೇಲೆ ಹೋಗಿ ತಾನೇ ಕೂಗಿದ. ಹಳದಿ ತಲೆಯ ಮಾತು ಯಾರಿಗೆ ಬೇಕು? ಕೆಲಸ ನಿಲ್ಲಿಸಿದರೆ ಬೈಗುಳ ತಮಗೇ ಎಂದು ಹನ್ನೊಂದು ಜನರಲ್ಲಿ ಒಬ್ಬರೂ ಅಲುಗಲಿಲ್ಲ. ಅವನು ಓಡುತ್ತಾ ಸ್ಟೋರಿಗೆ ಬಂದು ಹಳದಿ ತಲೆಯ ಮಾತು ಯಾರೂ ಕೇಳುತ್ತಿಲ್ಲ ಎಂದ. ನಾನು ನನ್ನ ಬಿಳಿ ಹೆಲ್ಮೆಟ್ ತೆಗೆದು ಅವನ ಕೈಗೆ ಕೊಟ್ಟೆ. ಅವನು ಅದನ್ನು ಹಾಕಿಕೊಂಡು ಮೇಲೆ ಹತ್ತಿ "ಖಲಾಸ್! ನೀಚೆ ಉತರೋ!" ಎಂದು ಕೂಗಿದ್ದೇ ತಡ, ಹನ್ನೊಂದು ಜನವೂ ಮುಖ ಕೂಡ ನೋಡದೆ ಇಳಿದರು. ಅರ್ಧ ಗಂಟೆಯಲ್ಲಿ ಅವರು ನಿಂತಿದ್ದ ಹಲಗೆ, ಪೈಪು ಎಲ್ಲ ಕುಸಿದು ಕೆಳಗೆ ಬಿತ್ತು.

ವಿಚಾರಣೆ ಆಯಿತು. ಕ್ಲಾಂಪಿನದಲ್ಲ, ಹೆಲ್ಮೆಟ್ಟಿನದು!

"ಸೆಲೆಸ್ಟಿನ್, ಇವನಿಗೆ ಬಿಳಿ ಕೊಟ್ಟದ್ದು ನೀವಾ?" ಆಲ್ಬರ್ಟ್ ಕೇಳಿದ.

ಬಿಸಿಗಾಳಿಯ ಬಸ್ಸು ನನ್ನ ಕಣ್ಣೆದುರು ಬಂತು. ಥೂ ನನ್ನ ಜನ್ಮಕ್ಕೆ! "ಇಲ್ಲ ಸರ್, ಮೇಜಿನ ಮೇಲಿತ್ತು," ಎಂದೆ.

ಫಕೀರಪ್ಪ ನನ್ನನ್ನೊಮ್ಮೆ ನೋಡಿದ. "ಹೌದ್ರಿ. ನಾನ ತಗೊಂಡೀನಿ," ಎಂದ.

ಸಂಜೆ ಸ್ಟೋರಿಗೆ ಬಂದು ಹೆಲ್ಮೆಟ್ ಮೇಜಿನ ಮೇಲಿಟ್ಟ. "ನಿಮ್ದ್ರಿ ಸರ. ಒಳಗಿನ ಬೆವರು ಒರಸೀನಿ."

ಕಳ್ಳನೆಂದು ಬರೆದು ವಾರದೊಳಗೆ ಅವನನ್ನು ಊರಿಗೆ ಕಳಿಸಿದರು. ಅವನು ವಿಮಾನ ಹತ್ತಿದ ದಿನವೂ ನಾನು ಅದೇ ಹೆಲ್ಮೆಟ್ ಹಾಕಿಕೊಂಡು ಎ.ಸಿ. ಬಸ್ಸು ಹತ್ತಿದೆ.