ಒಪ್ಕೊಂಡೆನೋ, ಒಪ್ಕೊಂಡ್ರೋ?

ನೆನ್ನೆ ನಮ್ಮ ಜಾಲಹಳ್ಳಿ ಕಾಲೊನಿಯ ಲೈಬ್ರರಿಯಲ್ಲಿ ಕೂತಲ್ಲೇ ‘ಅಯ್ಯೋ!’ ಎಂದು ಕೂಗಿಬಿಟ್ಟೆ. ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ನನ್ನ ಮೈಮೇಲೆ ಹಲ್ಲಿ ಬಿತ್ತೇನೋ ಎಂಬಂತೆ ನೋಡಿದರು. ಹಲ್ಲಿಯಲ್ಲ, ಕೈಯಲ್ಲಿದ್ದ ಪುಸ್ತಕದ ವ್ಯಾಕರಣ! ಫ್ಯಾಕ್ಟರಿಯಲ್ಲಿ ರೇಡಿಯೊಗಳಿಗೆ ಬೆಸುಗೆ ಹಾಕುವವಳಿಗೆ ವ್ಯಾಕರಣದ ಹುಚ್ಚು ಯಾಕೆ ಅಂತ ಮಾತ್ರ ಕೇಳಬೇಡಿ. ಕೆಲವರಿಗೆ ನಶ್ಯ, ನನಗೆ ಇದು.

ಅಮೆರಿಕದ ಫ್ಲಾರಿಡಾದ ಕಡೆ ಹಿಂದೆ ತಿಮುಕ್ವಾ ಅನ್ನೋ ಭಾಷೆ ಇತ್ತಂತೆ. ಮಾಡಿದವಳು ನಾನು ಅಂತ ತಿಳಿಸಬೇಕಾದರೆ ಕ್ರಿಯಾಪದದ ತಲೆಗೆ ‘ಹೊ’ ಅಂಟಿಸುತ್ತಿದ್ದರು, ನೀನಾದರೆ ‘ಚಿ’. ಬೇರೆ ಯಾರೋ ಆದರೆ ತಲೆಗೆ ಏನೂ ಇಲ್ಲ, ಬೋಳು. ಯಾರು ಅನ್ನೋದು ಬಾಯಿ ತೆರೆದ ಕೂಡಲೇ ಗೊತ್ತು! ನಮ್ಮದು ತಿರುಗುಮುರುಗು. ಬಂದೆ, ಬಂದಳು, ಬಂದರು ಅಂತ ಮನುಷ್ಯರನ್ನೆಲ್ಲ ಬಾಲದಲ್ಲಿ ಕೂರಿಸುತ್ತೇವೆ. ಬಾಲ ಇದೆಯಲ್ಲ ಅನ್ನೋ ಧೈರ್ಯಕ್ಕೆ ‘ನಾನು’ ಅನ್ನೋದನ್ನೂ ಬಿಟ್ಟುಬಿಡುತ್ತೇವೆ. ಆ ಬಾಲ ಕಳೆದುಹೋಗಿಯೇ ನನ್ನ ಮದುವೆ ತಪ್ಪಿಹೋಗುವುದರಲ್ಲಿತ್ತು.

ಇವರು ಲಗ್ಗೆರೆಯವರು, ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದರು. ಹೆಣ್ಣು ನೋಡಿ ಹೋದಮೇಲೆ ಒಂದು ಸಂಜೆ ನಮ್ಮ ಫ್ಯಾಕ್ಟರಿ ಗೇಟಿನ ಹತ್ತಿರ ಬಂದು ನಿಂತಿದ್ದರು. ನೆಲ ನೋಡಿಕೊಂಡೇ ಕೇಳಿದರು: “ನಿಮ್ಮನೇಲಿ ಆಯ್ತು ಅಂದ್ರಂತೆ. ಆದ್ರೆ ನಿಮ್ಮ ಮನಸ್ಸು ಗೊತ್ತಾಗ್ಬೇಕು. ಬಲವಂತ ಇದ್ರೆ ಬೇಡ.”

ಹಾಗೆ ಕೇಳಿದ ಗಂಡಸನ್ನು ನಾನು ಅದುವರೆಗೆ ಕಂಡಿರಲಿಲ್ಲ. “ಒಪ್ಕೊಂಡೆ” ಅಂದೆ. ಅದೇ ಹೊತ್ತಿಗೆ ತಲೆಯ ಮೇಲೆ ವಿಮಾನವೊಂದು ಗುಡುಗುತ್ತಾ ಹೋಗಿ ಕೊನೆಯ ಅಕ್ಷರವನ್ನು ಹಾರಿಸಿಕೊಂಡು ಹೋಯಿತು. ಅವರಿಗೆ ಕೇಳಿಸಿದ್ದು ‘ಒಪ್ಕೊಂಡ್’ ಅಷ್ಟೆ. ಮಿಕ್ಕಿದ್ದನ್ನು ತಾವೇ ತುಂಬಿಕೊಂಡರು: ಒಪ್ಕೊಂಡ್ರು. ಅಂದರೆ ಮನೆಯವರು! ತಲೆ ಅಲ್ಲಾಡಿಸಿ ಹೊರಟುಹೋದರು. ಅವರಿಗೆ ನಾಚಿಕೆ ಅಂದುಕೊಂಡು ನಾನು ದಾರಿಯುದ್ದಕ್ಕೂ ನಗುತ್ತಾ ಮನೆಗೆ ಬಂದೆ.

ಮಾರನೆಯ ದಿನ ಅವರ ಅಕ್ಕ ಬಂದು, “ಇದು ಬೇಡ ಅಂತಾವ್ನೆ ನಮ್ಮುಡುಗ” ಅಂದರು. ಅಮ್ಮ ಅಲ್ಲೇ ಕುಸಿದು ಕೂತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿ ಪೀಣ್ಯಕ್ಕೆ ಹೋದೆ. ಶೆಡ್ಡಿನೊಳಗೆ ಮೆಷಿನ್‌ಗಳ ಆರ್ಭಟ. ಅವರ ಎದುರಿಗೇ ಹೋಗಿ, “ಯಾಕ್ರೀ ಬೇಡ ಅಂದ್ರಿ?” ಎಂದು ಕಿರುಚಿದೆ.

“ನೀವೇ ಅಂದ್ರಲ್ಲ, ಅವರು ಒಪ್ಕೊಂಡ್ರು ಅಂತ!”

“ಅವರಲ್ಲ ಕಣ್ರೀ, ನಾನು! ನಾನು ಒಪ್ಕೊಂಡೆ!”

ನನ್ನ ಮಾತು ಕೇಳಲೆಂದು ಅವರು ಅಷ್ಟರಲ್ಲಿ ಸ್ವಿಚ್ ಆರಿಸಿದ್ದರು. ಅಕ್ಕಪಕ್ಕದ ಮೆಷಿನ್‌ಗಳೂ ನಮ್ಮ ಜಗಳ ಕೇಳಲು ನಿಂತಿದ್ದವು. ‘ಒಪ್ಕೊಂಡೆ’ ತಗಡಿನ ಮಾಡಿಗೆ ಬಡಿದು ಇಡೀ ಶೆಡ್ಡಿಗೆ ಕೇಳಿಸಿತು. ಯಾರೋ ಶಿಳ್ಳೆ ಹೊಡೆದರು. ಇವರು ಗ್ರೀಸ್ ಮೆತ್ತಿದ ಕೈಯಿಂದಲೇ ಮುಖ ಒರೆಸಿಕೊಂಡು ಕಪ್ಪಾದರು. ಮುಂದಿನ ತಿಂಗಳು ಮದುವೆ.

ನೆನ್ನೆ ಸಂಜೆ ಇವರು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ತಿಮುಕ್ವಾದ ಕಥೆ ಸುರಿದೆ. “ನಾವು ಆ ಭಾಷೆಯವರಾಗಿದ್ದರೆ ವಿಮಾನಕ್ಕೆ ಏನೂ ಮಾಡೋಕಾಗ್ತಿರ್ಲಿಲ್ಲ!” ಎಂದು ಕುಣಿದಾಡಿದೆ.

ಇವರು ಚಪ್ಪಲಿ ಬಿಡುತ್ತಾ, “ಅವರೆಲ್ಲ ಈಗ ಎಲ್ಲಿದ್ದಾರೆ?” ಅಂದರು.

“ಯಾರೂ ಇಲ್ಲ. ಭಾಷೆ ಸತ್ತು ಎಷ್ಟೋ ಕಾಲವಾಯ್ತಂತೆ. ಪಾದ್ರಿಗಳ ಕಾಲದ ಬರಹಗಳಷ್ಟೇ ಉಳಿದಿರೋದು.”

“ಅಂದ್ರೆ, ಆ ಭಾಷೇಲಿ ‘ನಾನು’ ಅನ್ನೋಕೆ ಈಗ ಒಬ್ಬರೂ ಇಲ್ವಾ?”

ನನ್ನ ಕುಣಿತ ನಿಂತಿತು. ನಿಯಮ ಕಂಡು ಹಿಗ್ಗಿದ್ದೆನೇ ಹೊರತು ಆ ‘ನಾನು’ಗಳನ್ನು ನೆನೆದಿರಲಿಲ್ಲ.

ಆಮೇಲೆ ಇವರು, “ಹಸಿವಾಗ್ತಿದೆ” ಅಂದರು. ಯಾರಿಗೆ ಅನ್ನೋದು ಆ ಮಾತಿನ ತಲೆಯಲ್ಲೂ ಇಲ್ಲ, ಬಾಲದಲ್ಲೂ ಇಲ್ಲ. ನಾನು ಎರಡು ತಟ್ಟೆ ಹಾಕಿದೆ.