ಗೀಚಕ್ಕ ಕಳಿಸಿದ ಕರಡಿ

ಗೀಚಕ್ಕನಿಗೆ ಆ ಹೆಸರಿಟ್ಟದ್ದು ಅವಳ ಅತ್ತೆ. ಬಸ್ ಟಿಕೆಟ್ಟು, ಕರೆಂಟ್ ಬಿಲ್ಲು, ಮಾವನ ಔಷಧಿ ಚೀಟಿ, ಯಾವುದರ ಹಿಂಬದಿ ಖಾಲಿ ಸಿಕ್ಕರೂ ಸೊಸೆ ಗೀಚದೆ ಬಿಡುವವಳಲ್ಲ. ಕಸುಬಿನಲ್ಲಿ ಚಿತ್ರಗಾರ್ತಿ ಹೌದು, ಆದರೆ ಒಂಬತ್ತು ವರ್ಷ ಅವಳು ಬರೆದದ್ದೆಲ್ಲ ಶಾಲಾ ಪುಸ್ತಕದ ಕಪ್ಪೆಯ ಕರುಳು, ಹೂವಿನ ಸೀಳುನೋಟ, ಅವಕ್ಕೆಲ್ಲ ಬಾಣದ ಗುರುತು. ಬಾಣ ಎಳೆದೂ ಎಳೆದೂ ಕೈ ಸೋತಿತ್ತು.

ಅಂಥವಳಿಗೆ ಒಂದು ಬೆಳಿಗ್ಗೆ ಮಕ್ಕಳ ಕಥೆಪುಸ್ತಕದ ಸಂಪಾದಕಿಯ ಫೋನು. ಅಜ್ಜಿಯೊಬ್ಬಳ ಕಂಬಳಿ ದಿನಕ್ಕಿಷ್ಟು ಬೆಳೆದು ಇಡೀ ಬೀದಿಯನ್ನೇ ಹೊದೆಸಿಬಿಡುವ ಕಥೆ. ಇನ್ನೊಬ್ಬ ಕಲಾವಿದನನ್ನೂ ಕೇಳಿದ್ದಾರಂತೆ. ಶನಿವಾರದೊಳಗೆ ಯಾರ ಕೆಲಸ ಹಿಡಿಸುತ್ತದೋ ಪುಸ್ತಕ ಅವರದು. ಅಡುಗೆಮನೆಯಲ್ಲಿ ಮಿಕ್ಸಿ ಗರಗರ ತಿರುಗುತ್ತಿತ್ತು. ಸಂಪಾದಕಿಯ ಕೊನೆಯ ಮಾತು ಗೀಚಕ್ಕನ ಕಿವಿಗೆ ಬಿದ್ದದ್ದು ಹೀಗೆ: "ಮೊದ್ಲು ಒಂದು ಕರಡಿ ಕಳ್ಸಿ."

ಕಂಬಳಿ ಕಥೆಯಲ್ಲಿ ಕರಡಿ ಎಲ್ಲಿಂದ ಬಂತು ಎಂದು ಅತ್ತೆ ಕೇಳಿದ್ದು ನ್ಯಾಯವೇ. ಇದು ಕೈ ಪರೀಕ್ಷೆ, ದೊಡ್ಡ ಪ್ರಕಾಶಕರೆಲ್ಲ ಹೀಗೇ ಇರಬೇಕು ಎಂದು ಸೊಸೆ ಅವರ ಬಾಯಿ ಮುಚ್ಚಿಸಿದಳು.

ಅಲ್ಲಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಡಬ್ಬಿಯಲ್ಲಿದ್ದ ಕಂದು ಬಣ್ಣ ಅವಳಿಗೆ ಸಪ್ಪೆ ಎನಿಸಿತು. ಚಹಾದ ಚರಟ ಕುದಿಸಿದಳು, ಈರುಳ್ಳಿ ಸಿಪ್ಪೆ ನೆನೆಹಾಕಿದಳು, ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ಮುಳುಗಿಸಿಟ್ಟು ಗಂಟೆಗೊಮ್ಮೆ ಮುಚ್ಚಳ ತೆಗೆದು ಮೂಸಿದಳು. ಕೂದಲು ಬಿಡಿಸಲು ಕುಂಚ ಒಗ್ಗದೆ ಬಾಚಣಿಗೆ ಹಿಡಿದಳು. ಅದೂ ಸಾಲದೆ ಪಾತ್ರೆ ತಿಕ್ಕುವ ಬ್ರಷ್ಷು, ಆಮೇಲೆ ಮಾವನ ಹಳೆಯ ಹಲ್ಲುಜ್ಜುವ ಬ್ರಷ್ಷು. ಅದು ಹಳೆಯದೆಂದು ಮಾವ ಒಪ್ಪಲಿಲ್ಲ, ಆ ಮಾತು ಬೇರೆ. ಸ್ಫೂರ್ತಿಗಂತೂ ಹೊಸಿಲು ದಾಟಬೇಕಿರಲಿಲ್ಲ. ಊಟ ಮುಗಿಸಿ ಸೋಫಾದ ಮೇಲೆ ಬೋರಲು ಬಿದ್ದ ಗಂಡನ ಬೆನ್ನು ಉಸಿರಿಗೊಮ್ಮೆ ಉಬ್ಬಿ ಇಳಿಯುತ್ತ ಥೇಟ್ ಕರಡಿಯಂತಿತ್ತು. ಅಲುಗಾಡಬೇಡಿ ಎಂದು ಗದರಿಸಿ ಗದರಿಸಿ ಬರೆದಳು.

ಶುಕ್ರವಾರ ಚಿತ್ರ ಗಂಡನ ಸ್ಕೂಟರ್ ಏರಿ ಹೊರಟಿತು. ಕರಡಿಯ ಬೆನ್ನ ಮೇಲೆ ಕರಡಿ ಹೊರಟಿತು ಎಂದು ಅತ್ತೆ ಬಾಗಿಲಲ್ಲೇ ನಿಂತು ನಕ್ಕರು. ಶನಿವಾರ ಫೋನು ಬಂತು.

"ನಾನು ಕೇಳಿದ್ದು ಕರಡು. ಅಂದ್ರೆ ರಫ್ ಸ್ಕೆಚ್ಚು," ಎಂದಳು ಸಂಪಾದಕಿ. "ನೀವು ಕರಡಿ ಕಳ್ಸಿದೀರಿ."

ಗೀಚಕ್ಕ ಹಣೆ ಚಚ್ಚಿಕೊಂಡಳು. ಶಾಲಾ ಪುಸ್ತಕದವರು ಇಷ್ಟು ವರ್ಷ 'ರಫ್' ಎಂದೇ ಕೇಳುತ್ತಿದ್ದರು. ಅದಕ್ಕೊಂದು ಕನ್ನಡ ಇದೆಯೆಂದು ಯಾರಿಗೆ ಗೊತ್ತಿತ್ತು? ಕಪ್ಪೆ, ಕರುಳು, ಬಾಣ ಎಲ್ಲ ಕಣ್ಮುಂದೆ ಬಂದು ಸಾಲಾಗಿ ನಿಂತವು.

"ಇನ್ನೊಬ್ರ ಕರಡು ನೀಟಾಗಿದೆ," ಸಂಪಾದಕಿ ಮುಂದುವರಿಸಿದಳು. "ಆದ್ರೆ ಅವ್ರ ಕಂಬಳಿ ಕಾಲೊರೆಸೋ ಮ್ಯಾಟ್ ಥರ ಬಿದ್ಕೊಂಡಿದೆ. ನಿಮ್ ಕರಡಿನ ಆಫೀಸಲ್ಲಿ ಎಲ್ರೂ ಒಂದೊಂದ್ಸಲ ಸವರಿ ಹೋದ್ರು. ಆ ಮೈ ನಮ್ ಕಂಬಳಿಗೆ ಬರುತ್ತಾ?"

ಪ್ರಶ್ನೆ ಮುಗಿಯುವ ಮೊದಲೇ ಗೀಚಕ್ಕ ಬರುತ್ತೆ ಎಂದು ಮೂರು ಸಲ ಹೇಳಿದ್ದಳು.

"ಹಾಗಾದ್ರೆ ಪುಸ್ತಕ ನಿಮ್ದೇ. ಕರಡಿ ಮಾತ್ರ ಒಳಗೆ ಬರೋದ್ಬೇಡ."

ಫೋನಿಟ್ಟವಳೇ ಗೀಚಕ್ಕ ಅತ್ತೆಯ ಎರಡೂ ಕೈ ಹಿಡಿದು ಗಿರ್ರನೆ ಎರಡು ಸುತ್ತು ತಿರುಗಿಸಿದಳು. "ನಿಲ್ಲೇ, ನನ್ ಮಂಡಿ," ಎಂದು ಬೈದ ಅತ್ತೆ, ಮೂರನೇ ಸುತ್ತನ್ನು ತಾವೇ ಎಳೆದುಕೊಂಡು ತಿರುಗಿದರು.