ಪಟ್ಟಿಯಲ್ಲಿಲ್ಲದ ತುಳು

ಗೆಳೆಯರೇ, ಇವತ್ತು ಉಡುಪಿಯ ಸರಕಾರಿ ಕಚೇರಿಯಲ್ಲಿ ಒಂದು ಜಗಳ ನೋಡಿ ಬಂದೆ. ಹಿಲ್ಡಾಕ್ಕ ಪಶ್ಚಿಮ ಜರ್ಮನಿಯಿಂದ ಬಂದು ಕಾಪುವಿನಲ್ಲೇ ಉಳಿದ ನರ್ಸ್. ನನ್ನ ಹೆರಿಗೆಗಳನ್ನೆಲ್ಲ ಮಾಡಿಸಿದವರು ಅವರೇ. ಈ ವರ್ಷ, 1985ರಲ್ಲಿ, ಭಾರತದ ಪೌರತ್ವಕ್ಕೆ ಅರ್ಜಿ ಹಾಕಿದ್ದಾರೆ. ಅವರ ನಡತೆಗೆ ನಾನು ಸಾಕ್ಷಿ.

"ನಮ್ಮ ಯಾವ ಭಾಷೆ ಬರ್ತದೆ?" ಎಂದು ಅಧಿಕಾರಿ ಕೇಳಿದರು.

"ತುಳು."

"ಸಂವಿಧಾನದ ಪಟ್ಟಿಯಲ್ಲಿರುವ ಭಾಷೆಯೇ ಬೇಕಮ್ಮ. ತುಳು ಅದರಲ್ಲಿಲ್ಲ."

"ನಿಮ್ಮ ಮನೆಯಲ್ಲಿ ಎಂತ ಮಾತಾಡುವುದು?"

ಅಧಿಕಾರಿ ತಡವರಿಸಿದರು. "ತುಳುವೇ. ಆದರೆ ನಾನು ಇಲ್ಲೇ ಹುಟ್ಟಿದವನಲ್ವಾ?"

"ಕನ್ನಡ ಅಂತ ಹೇಳಿ ಹಿಲ್ಡಾಕ್ಕ, ನಿಮಗೆ ಒಳ್ಳೆ ಕನ್ನಡ ಉಂಟಲ್ಲ" ಎಂದು ನಾನು ನಡುವೆ ಬಾಯಿ ಹಾಕಿದೆ.

ಹಿಲ್ಡಾಕ್ಕ ಬಗ್ಗಲಿಲ್ಲ. "ಕನ್ನಡವೂ ಬರೆಯಿರಿ, ಬರ್ತದೆ. ಆದರೆ ಮೊದಲು ತುಳು ಬರೆಯಬೇಕು. ಕಾಪುವಿನಲ್ಲಿ ಹೆರಿಗೆ ನೋವು ಬಂದಾಗ ಯಾರೂ ಕನ್ನಡದಲ್ಲಿ ಕೂಗುವುದಿಲ್ಲ."

ಅಧಿಕಾರಿ ಎರಡನ್ನೂ ಬರೆದರು, ತುಳುವನ್ನು ಮೊದಲು.

ದಿಲ್ಲಿಯವರು ಏನು ಹೇಳುತ್ತಾರೋ ಗೊತ್ತಿಲ್ಲ. ನನ್ನ ಕೊಂಕಣಿಯೂ ಆ ಪಟ್ಟಿಯಲ್ಲಿ ಇಲ್ಲವಂತೆ. ಮನೆಮಾತು ನೋಡಿ ಪೌರತ್ವ ಕೊಡುವುದಾದರೆ, ಆ ಕೋಣೆಯಲ್ಲಿದ್ದ ನಮ್ಮ ಮೂವರಲ್ಲಿ ಒಬ್ಬರಿಗೂ ಸಿಗುವ ಹಾಗಿಲ್ಲ.